ನಗರಗಳ ಮೂರು ಆಯಾಮದ ಮಾದರಿಗಳಲ್ಲಿ ಗೋಚರತಾ ವಿಶ್ಲೇಷಣೆ

ನಗರದ ಒಂದು ಜಾಗದಲ್ಲಿ ನಿಂತವರಿಗೆ ಏನೇನು ಕಾಣುತ್ತದೆ, ಏನೇನು ಕಟ್ಟಡಗಳ ಮರೆಯಲ್ಲಿ ಉಳಿಯುತ್ತದೆ ಎಂದು ಕಂಪ್ಯೂಟರ್ ಮಾದರಿಯ ಮೇಲೆ ಲೆಕ್ಕ ಹಾಕುವ ವಿಧಾನ. ಪ್ರಶ್ನೆ ಮಾತ್ರ ಕಂಪ್ಯೂಟರಿಗಿಂತ ಹಳೆಯದು. ಲಂಡನ್ನಿನ ಫ್ಯಾರಡೆ ಕಟ್ಟಡ 1933ರಲ್ಲಿ ಎದ್ದು ನಿಂತಾಗ, ಥೇಮ್ಸ್ ನದಿಯ ಕಡೆಯಿಂದ ಸೇಂಟ್ ಪಾಲ್ಸ್ ಕೆಥೆಡ್ರಲ್ ಮರೆಯಾಗತೊಡಗಿತು. ಆ ದಶಕದ ಕೊನೆಗೆ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿ ಬಂತು.

ಒಂದು ಬಿಂದುವಿನಿಂದ ನೇರವಾಗಿ ಕಾಣುವ ಅಷ್ಟೂ ಪ್ರದೇಶಕ್ಕೆ 1967ರಲ್ಲಿ ಟ್ಯಾಂಡಿ ‘ಐಸೊವಿಸ್ಟ್’ ಎಂಬ ಹೆಸರನ್ನು ಬಳಸಿದರು. 1979ರಲ್ಲಿ ಮೈಕೆಲ್ ಬೆನೆಡಿಕ್ಟ್ ಅದರ ವಿಸ್ತೀರ್ಣ, ಸುತ್ತಳತೆಗಳನ್ನು ಅಳೆಯುವ ಕ್ರಮ ಕೊಟ್ಟರು. ಅಲಾಸ್ಡೇರ್ ಟರ್ನರ್ ಮತ್ತು ಸಂಗಡಿಗರು 2001ರಲ್ಲಿ, ಪರಸ್ಪರ ಕಾಣುವ ಬಿಂದುಗಳನ್ನೆಲ್ಲ ಗೆರೆಗಳಿಂದ ಜೋಡಿಸಿ ಗೋಚರತಾ ಗ್ರಾಫ್ ರಚಿಸಿದರು. ಇವು ಮುಖ್ಯವಾಗಿ ನಕ್ಷೆಯ ಮೇಲಿನ ಲೆಕ್ಕಗಳು. ತಗ್ಗು ಚಾವಣಿಯ ಆಚೆಗೆ ಗೋಪುರದ ತುದಿ ಇಣುಕುತ್ತದೆಯೇ ಎಂಬುದು ಅವುಗಳಿಗೆ ಎಟುಕದು. ಹೊರೆಯೂ ದೊಡ್ಡದು: 10,000 ಬಿಂದುಗಳಿದ್ದರೆ ಪರೀಕ್ಷಿಸಬೇಕಾದ ಜೋಡಿಗಳು ಸುಮಾರು 5 ಕೋಟಿ.

ವೇಗ ಬಂದದ್ದು ಕಂಪ್ಯೂಟರ್ ಗ್ರಾಫಿಕ್ಸ್‌ನಿಂದ. ಎಡ್ವಿನ್ ಕ್ಯಾಟ್ಮಲ್ 1974ರಲ್ಲಿ ವಿವರಿಸಿದ ಝಡ್-ಬಫರ್, ಪರದೆಯ ಪ್ರತಿ ಚುಕ್ಕೆಯಲ್ಲೂ ಹತ್ತಿರದ ಮೇಲ್ಮೈಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಆದರೆ ಮರೆಯಲ್ಲಿರುವುದನ್ನೂ ಅದು ಪರಿಶೀಲಿಸಲೇಬೇಕು. ಸೆತ್ ಟೆಲರ್ ಮತ್ತು ಕಾರ್ಲೊ ಸೆಕಾನ್ 1991ರಲ್ಲಿ ಕಟ್ಟಡವನ್ನು ಕೋಣೆ-ಬಾಗಿಲುಗಳಾಗಿ ವಿಂಗಡಿಸಿ, ಪ್ರತಿ ಕೋಣೆಯಿಂದ ಕಾಣಬಹುದಾದ್ದನ್ನು ಮುಂಚೆಯೇ ಪಟ್ಟಿ ಮಾಡಿಟ್ಟರು. ಒಳಾಂಗಣಕ್ಕೆ ಇದು ಒಗ್ಗಿತು; ಆಕಾಶಕ್ಕೆ ತೆರೆದ ಬೀದಿಗೆ ಒಗ್ಗಲಿಲ್ಲ.

ನಗರದ ಸ್ವಭಾವವನ್ನೇ ನೆಚ್ಚಿಕೊಂಡು ದಾರಿ ತೆರೆದವರು ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದವರು, ಈ ಇತಿಹಾಸದ ನಿಜವಾದ ತಿರುವು ಅವರದೇ. ಕಟ್ಟಡಗಳು ನೆಲದಿಂದ ನೆಟ್ಟಗೆ ಏಳುತ್ತವೆ. ಹಾಗಾಗಿ ನೋಡುವವನ ಕಣ್ಣನ್ನು ದೀಪವೆಂದುಕೊಂಡರೆ, ಪ್ರತಿ ಕಟ್ಟಡದ ಹಿಂದೆ ಬೀಳುವ ನೆರಳಿನ ಎತ್ತರವನ್ನು ಮೇಲಿನಿಂದ ನೋಡಿದ ನಕ್ಷೆಯಲ್ಲಿ ಗುರುತಿಸಬಹುದು. ಆ ಎತ್ತರಕ್ಕಿಂತ ಕೆಳಗಿರುವುದು ಕಾಣದು. ಪೀಟರ್ ವೊಂಕಾ ಮತ್ತು ಡೀಟರ್ ಶ್ಮಾಲ್‌ಸ್ಟೀಗ್ 1999ರಲ್ಲಿ ಈ ಲೆಕ್ಕವನ್ನು ಗ್ರಾಫಿಕ್ಸ್ ಯಂತ್ರಾಂಶಕ್ಕೇ ವಹಿಸಿದರು. ಮರುವರ್ಷ ಮೈಕೆಲ್ ವಿಮರ್ ಜೊತೆಗೂಡಿದರು. ಕಟ್ಟಡಗಳನ್ನು ಲೆಕ್ಕದಲ್ಲಿ ತುಸು ಕುಗ್ಗಿಸಿಕೊಂಡರೆ, ಒಂದು ಬಿಂದುವಿನಿಂದ ಕಾಣದ್ದು ಅದರ ಆಸುಪಾಸಿನಿಂದಲೂ ಕಾಣದೆಂದು ಖಾತ್ರಿಯಾಗುತ್ತದೆ. ಹೀಗೆ ಕೆಲವೇ ಬಿಂದುಗಳಿಂದ ಇಡೀ ಬೀದಿಯ ಉತ್ತರ ಸಿಕ್ಕಿತು. ಬಿಡಿಬಿಡಿಯಾಗಿ ಏನನ್ನೂ ಪೂರ್ತಿ ಮುಚ್ಚದ ಎರಡು ಕಟ್ಟಡಗಳು ಕೂಡಿ ಮುಚ್ಚುವುದನ್ನೂ ಈ ವಿಧಾನ ಹಿಡಿಯುತ್ತದೆ.

ಸೇತುವೆ, ಹೊರಚಾಚಿದ ಮಹಡಿ, ಮರಗಳ ಕೊಂಬೆ—ನೆಲದಿಂದ ನೆಟ್ಟಗೆ ಏಳದ ಇಂಥವುಗಳಿಗೆ ಈ ನೆರಳಿನ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಕಿರಣಗಳನ್ನು ಒಂದೊಂದಾಗಿ ಹಾಯಿಸಿ ನೋಡುವ, ನಿಧಾನವಾದರೂ ನಂಬಬಹುದಾದ ಪದ್ಧತಿಯೇ ಬೇಕಾಗುತ್ತದೆ.