ಉಳಿದವರು ಕಂಡಂತೆ: ಪ್ರೇಕ್ಷಕರ ಪ್ರತಿಕ್ರಿಯೆ

ಉಳಿದವರು ಕಂಡಂತೆ ರಕ್ಷಿತ್ ಶೆಟ್ಟಿ ಅವರು ಬರೆದು ನಿರ್ದೇಶಿಸಿದ ಕನ್ನಡ ಚಲನಚಿತ್ರ. 2014ರ ಮಾರ್ಚ್ 28ರಂದು ತೆರೆಕಂಡ ಈ ಚಿತ್ರವು ಅವರ ನಿರ್ದೇಶನದ ಮೊದಲ ಕೃತಿಯಾಗಿದೆ. ಉಡುಪಿಯ ಸಮೀಪದ ಮಲ್ಪೆಯಲ್ಲಿ ನಡೆಯುವ ಒಂದು ಘಟನೆಯನ್ನು ಹಲವು ಪಾತ್ರಗಳ ನೋಟದಿಂದ, ಪ್ರತ್ಯೇಕ ಅಧ್ಯಾಯಗಳಲ್ಲಿ ಚಿತ್ರವು ನಿರೂಪಿಸುತ್ತದೆ. ಬಿಡುಗಡೆಯ ಸಮಯದಲ್ಲಿ ವಿಮರ್ಶಕರ ಮೆಚ್ಚುಗೆ ಗಳಿಸಿದರೂ ಚಿತ್ರಮಂದಿರಗಳಲ್ಲಿ ನಿರೀಕ್ಷಿತ ಯಶಸ್ಸು ದೊರೆಯಲಿಲ್ಲ. ಮುಂದಿನ ವರ್ಷಗಳಲ್ಲಿ ಚಿತ್ರವು ತನ್ನದೇ ಆದ ನಿಷ್ಠಾವಂತ ಪ್ರೇಕ್ಷಕವರ್ಗವನ್ನು ಸಂಪಾದಿಸಿತು. ಮೊದಲ ವಾರಗಳ ಗಳಿಕೆಗೂ ನಂತರದ ಕೀರ್ತಿಗೂ ಇರುವ ಈ ಅಂತರದಿಂದಾಗಿ, ಪ್ರೇಕ್ಷಕರ ಪ್ರತಿಕ್ರಿಯೆಯ ಕುರಿತ ಚರ್ಚೆಗಳಲ್ಲಿ ಚಿತ್ರದ ಹೆಸರು ಮತ್ತೆ ಮತ್ತೆ ಬರುತ್ತದೆ.

ಹಿನ್ನೆಲೆ

2013ರಲ್ಲಿ ಸುನಿ ನಿರ್ದೇಶನದ ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ ಚಿತ್ರದ ಮೂಲಕ ರಕ್ಷಿತ್ ಶೆಟ್ಟಿ ನಾಯಕನಟರಾಗಿ ಜನಪ್ರಿಯರಾದರು. ಮಾತಿನ ಲವಲವಿಕೆಯೇ ಪ್ರಧಾನವಾಗಿದ್ದ ಆ ಪ್ರೇಮಕಥೆಯ ನಂತರ ಬಂದ ಈ ಚಿತ್ರದ ಸ್ವರೂಪ ಸಂಪೂರ್ಣ ಭಿನ್ನವಾಗಿತ್ತು. ರಕ್ಷಿತ್ ಶೆಟ್ಟಿ ಅವರೊಂದಿಗೆ ಕಿಶೋರ್, ತಾರಾ, ಅಚ್ಯುತ್ ಕುಮಾರ್, ರಿಷಬ್ ಶೆಟ್ಟಿ, ಶೀತಲ್ ಶೆಟ್ಟಿ ಮತ್ತು ಯಜ್ಞಾ ಶೆಟ್ಟಿ ಮುಖ್ಯ ಪಾತ್ರಗಳಲ್ಲಿದ್ದಾರೆ. ಬಿ. ಅಜನೀಶ್ ಲೋಕನಾಥ್ ಸಂಗೀತ ನೀಡಿದ್ದು, ಕರಮ್ ಚಾವ್ಲಾ ಛಾಯಾಗ್ರಹಣ ಮಾಡಿದ್ದಾರೆ. ಸಂಭಾಷಣೆಯನ್ನು ಚಿತ್ರೀಕರಣದ ಸ್ಥಳದಲ್ಲಿಯೇ ಧ್ವನಿಮುದ್ರಿಸಿಕೊಂಡದ್ದು ಚಿತ್ರದ ವಿಶೇಷಗಳಲ್ಲಿ ಒಂದು.

ಕಥೆಯ ವಿನ್ಯಾಸ

ರೆಜಿನಾ ಎಂಬ ಪತ್ರಕರ್ತೆಯು ಮಲ್ಪೆಯಲ್ಲಿ ನಡೆದ ಘಟನೆಯೊಂದರ ಬೆನ್ನುಹತ್ತಿ, ಅದಕ್ಕೆ ಸಂಬಂಧಪಟ್ಟವರ ನೆನಪುಗಳನ್ನು ಒಟ್ಟುಗೂಡಿಸುತ್ತಾಳೆ. ಬಾಲ್ಯದಲ್ಲಿಯೇ ಅಪರಾಧದ ನೆರಳಿಗೆ ಸಿಕ್ಕಿ ಬೆಳೆದ ರಿಚ್ಚಿ, ಮುಂಬಯಿಯಿಂದ ತಾಯಿಯನ್ನು ಕರೆದೊಯ್ಯಲು ಮರಳುವ ರಾಘು, ಮಗನ ದಾರಿ ಕಾಯುವ ರತ್ನಕ್ಕ, ಮೀನುಗಾರ ಬಾಲು, ಮನದ ಮಾತನ್ನು ಹೇಳಲಾಗದ ಮುನ್ನ ಇವರೆಲ್ಲರ ಬದುಕುಗಳು ಕೃಷ್ಣ ಜನ್ಮಾಷ್ಟಮಿಯ ದಿನಗಳಲ್ಲಿ ಒಂದೆಡೆ ಸೇರುತ್ತವೆ. ಒಂದು ಅಧ್ಯಾಯದಲ್ಲಿ ಅರ್ಥವಾಗದೆ ಉಳಿದ ಮಾತಿಗೋ ಶಬ್ದಕ್ಕೋ ಕಾರಣವು ಇನ್ನೊಂದು ಅಧ್ಯಾಯದಲ್ಲಿ ತಿಳಿಯುತ್ತದೆ.

ಈ ವಿನ್ಯಾಸವನ್ನು ಅಕಿರಾ ಕುರೊಸಾವಾ ನಿರ್ದೇಶನದ ಜಪಾನೀ ಚಿತ್ರ ರಾಶೋಮನ್‌ನೊಂದಿಗೆ (1950) ಹೋಲಿಸುವುದು ರೂಢಿಯಾಗಿದೆ. ಆದರೆ ಎರಡಕ್ಕೂ ಮುಖ್ಯ ವ್ಯತ್ಯಾಸವಿದೆ. ರಾಶೋಮನ್‌ನಲ್ಲಿ ಸಾಕ್ಷಿಗಳ ಹೇಳಿಕೆಗಳು ಒಂದನ್ನೊಂದು ಅಲ್ಲಗಳೆಯುತ್ತವೆ. ಇಲ್ಲಿ ಅವು ಬಹುಮಟ್ಟಿಗೆ ಒಂದಕ್ಕೊಂದು ಪೂರಕವಾಗಿ ನಿಲ್ಲುತ್ತವೆ. ಹಿಂಸೆ ಮತ್ತು ಹಾಸ್ಯವನ್ನು ಒಂದೇ ದೃಶ್ಯದಲ್ಲಿ ಬೆರೆಸುವ ಕ್ರಮದಿಂದಾಗಿ ಕ್ವೆಂಟಿನ್ ಟರಾಂಟಿನೊ ಅವರ ಪಲ್ಪ್ ಫಿಕ್ಷನ್ (1994) ಚಿತ್ರವನ್ನೂ ಹಲವು ಪ್ರೇಕ್ಷಕರು ನೆನೆದರು.

ಬಿಡುಗಡೆಯ ಸಂದರ್ಭದ ಪ್ರತಿಕ್ರಿಯೆ

ವಿಮರ್ಶಕರು ಛಾಯಾಗ್ರಹಣ, ಹಿನ್ನೆಲೆ ಸಂಗೀತ, ನಟನೆ ಹಾಗೂ ನಿರೂಪಣೆಯ ಹೊಸತನವನ್ನು ಮೆಚ್ಚಿಕೊಂಡರು. ಪ್ರೇಕ್ಷಕರ ಅಭಿಪ್ರಾಯ ಮಾತ್ರ ಎರಡಾಗಿ ಒಡೆಯಿತು. ಕಥೆಯು ಕಾಲಕ್ರಮವನ್ನು ಅನುಸರಿಸದಿರುವುದು, ನಿಧಾನಗತಿ, ಎರಡೂವರೆ ಗಂಟೆಗಳ ದೀರ್ಘತೆ ಮತ್ತು ಎಲ್ಲವನ್ನೂ ಬಿಡಿಸಿ ಹೇಳದ ಮುಕ್ತಾಯ ಇವು ಆಕ್ಷೇಪಕ್ಕೆ ಗುರಿಯಾದ ಅಂಶಗಳು. ಹಿಂದಿನ ಚಿತ್ರದ ಪ್ರೇಮಿಯನ್ನು ನಿರೀಕ್ಷಿಸಿ ಬಂದವರಿಗೆ ರಿಚ್ಚಿಯ ಕ್ರೌರ್ಯ ಅಪರಿಚಿತವೆನಿಸಿತು. ನಗಬೇಕೋ ಭಯಪಡಬೇಕೋ ತಿಳಿಯದಂತೆ ಕಟ್ಟಲಾದ ಸನ್ನಿವೇಶಗಳು ಕೆಲವರಿಗೆ ಚಿತ್ರದ ಜೀವಾಳವಾದರೆ, ಇನ್ನು ಕೆಲವರಿಗೆ ಅದರ ಮುಖ್ಯ ಕೊರತೆಯಾಗಿ ಕಂಡವು.

ಭಾಷೆಯ ಪ್ರಶ್ನೆ

ಚಿತ್ರದ ಸಂಭಾಷಣೆ ಕರಾವಳಿಯ ಕನ್ನಡದಲ್ಲಿದೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳೂ ಸೇರಿದಂತೆ ಈ ಪ್ರದೇಶದ ಬಹುಪಾಲು ಜನರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡವು ಅವರಿಗೆ ಶಾಲೆ, ಕಚೇರಿ, ಪತ್ರಿಕೆ ಮತ್ತು ಯಕ್ಷಗಾನದ ಮೂಲಕ ಬಂದ ಭಾಷೆ. ಆದ್ದರಿಂದ ಇಲ್ಲಿನ ಆಡುಗನ್ನಡದಲ್ಲಿ ಗ್ರಾಂಥಿಕ ರೂಪಗಳು ಹೆಚ್ಚಾಗಿ ಉಳಿದುಕೊಂಡಿವೆ. ‘ಇದೆ’ ಎನ್ನುವಲ್ಲಿ ‘ಉಂಟು’, ‘ಏನು’ ಎನ್ನುವಲ್ಲಿ ‘ಎಂತ’ ಎಂಬ ಬಳಕೆ, ಮಾತಿನ ನಡುವೆ ಬರುವ ‘ಮಾರಾಯ’ ಎಂಬ ಸಂಬೋಧನೆ ಇದರ ಪರಿಚಿತ ಲಕ್ಷಣಗಳು. ಕುಂದಾಪುರ ಪರಿಸರದ ಕನ್ನಡವು ಇದಕ್ಕಿಂತ ಭಿನ್ನವಾಗಿದ್ದು, ಅದು ಅಲ್ಲಿನವರ ಮನೆಮಾತೇ ಆಗಿದೆ.

ಕನ್ನಡ ಚಿತ್ರಗಳಲ್ಲಿ ‘ಮಂಗಳೂರು ಕನ್ನಡ’ವು ದೀರ್ಘಕಾಲ ನಗೆ ಹುಟ್ಟಿಸುವ ಪೋಷಕ ಪಾತ್ರಗಳಿಗೆ ಮೀಸಲಾಗಿತ್ತು. ಹೋಟೆಲ್ ಮಾಲೀಕನೋ ಅಡುಗೆಯವನೋ ಒಂದೆರಡು ವಾಕ್ಯ ಆಡಿ ಮರೆಯಾಗುವುದು ಸಾಮಾನ್ಯವಾಗಿತ್ತು. ಅದನ್ನು ಕರಾವಳಿಯವರು ಅಣಕವೆಂದೇ ಭಾವಿಸುತ್ತಿದ್ದರು. ಉಳಿದವರು ಕಂಡಂತೆ ಚಿತ್ರದಲ್ಲಿ ಅದೇ ಭಾಷೆಯಲ್ಲಿ ರೌಡಿ ಬೆದರಿಸುತ್ತಾನೆ, ತಾಯಿ ದುಃಖಿಸುತ್ತಾಳೆ, ಮೀನುಗಾರ ಕನಸು ಕಾಣುತ್ತಾನೆ. ಹಾಸ್ಯವು ಉಚ್ಚಾರಣೆಯಿಂದಲ್ಲದೆ ಸನ್ನಿವೇಶದಿಂದ ಹುಟ್ಟುತ್ತದೆ. ಕರಾವಳಿಯ ಪ್ರೇಕ್ಷಕರ ಪಾಲಿಗೆ ಚಿತ್ರದ ಮಹತ್ವ ಅದರ ತಂತ್ರಕ್ಕಿಂತ ಹೆಚ್ಚಾಗಿ ಇಲ್ಲಿದೆ. ಇತರ ಜಿಲ್ಲೆಗಳ ಕೆಲವು ಪ್ರೇಕ್ಷಕರಿಗೆ ಅದೇ ಭಾಷೆಯ ವೇಗ ಮತ್ತು ತುಳು ಪದಗಳು ಮೊದಲ ನೋಟದಲ್ಲಿ ತೊಡಕಾದವು.

‘ಘಾಟಿಯ ಇಳಿದು’ ಎಂಬ ಗೀತೆ ಈ ಅಂತರದ ಎರಡೂ ಬದಿಗಳಲ್ಲಿ ಜನಪ್ರಿಯವಾಯಿತು. ಕರಾವಳಿಯಲ್ಲಿ ಒಳನಾಡನ್ನು ‘ಘಟ್ಟದ ಮೇಲೆ’ ಎಂದು ಕರೆಯುವ ವಾಡಿಕೆಯಿದೆ. ಚಾರ್ಮಾಡಿ ಘಾಟಿಯಿಂದ ಬೆಳ್ತಂಗಡಿ, ಬಂಟ್ವಾಳಗಳ ಮೂಲಕ ಮಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ ಪ್ರಯಾಣಿಸಿದವರಿಗೆ ಗೀತೆಯ ಶೀರ್ಷಿಕೆಯೇ ಪರಿಚಿತ ಅನುಭವವನ್ನು ಸೂಚಿಸುತ್ತದೆ.

ಹುಲಿವೇಷದ ದೃಶ್ಯ

ತಾಸೆಯ ಬಡಿತಕ್ಕೆ ರಿಚ್ಚಿ ಹುಲಿ ಹೆಜ್ಜೆ ಹಾಕುವ ದೃಶ್ಯವು ಚಿತ್ರದ ಅತ್ಯಂತ ಪ್ರಸಿದ್ಧ ಭಾಗಗಳಲ್ಲಿ ಒಂದು. ತುಳುವಿನಲ್ಲಿ ಪಿಲಿವೇಷ ಅಥವಾ ಪಿಲಿನಲಿಕೆ ಎಂದು ಕರೆಯಲಾಗುವ ಈ ಕುಣಿತವು ಉಡುಪಿಯಲ್ಲಿ ಅಷ್ಟಮಿಯ ಕಾಲಕ್ಕೂ, ಮಂಗಳೂರು ಪರಿಸರದಲ್ಲಿ ದಸರಾ ಕಾಲಕ್ಕೂ ವಿಶೇಷವಾಗಿ ನಡೆಯುತ್ತದೆ. ಚಿತ್ರದಲ್ಲಿ ಅದು ಹಬ್ಬದ ಅಲಂಕಾರವಾಗಿ ಮಾತ್ರ ಬಾರದೆ, ಪಾತ್ರದ ಅಹಂಕಾರ ಮತ್ತು ಸಮೀಪಿಸುತ್ತಿರುವ ಅಪಾಯವನ್ನು ಒಟ್ಟಿಗೆ ಸೂಚಿಸುತ್ತದೆ. ರಾಜ್ ಬಿ. ಶೆಟ್ಟಿ ಅವರ ಗರುಡ ಗಮನ ವೃಷಭ ವಾಹನ (2021) ಚಿತ್ರದಲ್ಲಿಯೂ ಹುಲಿಕುಣಿತದ ದೃಶ್ಯ ಹಿಂಸೆಯ ಹಿನ್ನೆಲೆಯಲ್ಲಿ ಬರುವುದರಿಂದ, ಪ್ರೇಕ್ಷಕರು ಎರಡನ್ನೂ ಹೋಲಿಸಿ ಚರ್ಚಿಸುವುದುಂಟು.

ಮರುಮೌಲ್ಯಮಾಪನ

2016ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಕಿರಿಕ್ ಪಾರ್ಟಿಯ ಭಾರಿ ಯಶಸ್ಸಿನ ನಂತರ, ಅದರ ನಿರ್ದೇಶಕ ರಿಷಬ್ ಶೆಟ್ಟಿ ಮತ್ತು ನಾಯಕ ರಕ್ಷಿತ್ ಶೆಟ್ಟಿ ಅವರ ಹಿಂದಿನ ಕೃತಿಗಳತ್ತ ಯುವ ಪ್ರೇಕ್ಷಕರ ಗಮನ ಹರಿಯಿತು. ಚಿತ್ರಮಂದಿರದಲ್ಲಿ ಒಮ್ಮೆ ನೋಡಿ ಗೊಂದಲಗೊಂಡವರಿಗೆ ಮನೆಯಲ್ಲಿ ಮತ್ತೆ ನೋಡುವ, ಹಿಂದಕ್ಕೆ ಹೋಗಿ ಸುಳಿವುಗಳನ್ನು ಹೊಂದಿಸುವ ಅವಕಾಶ ದೊರೆಯಿತು. ಮುಕ್ತಾಯದ ಅರ್ಥ ಹಾಗೂ ಅಧ್ಯಾಯಗಳ ನಡುವಿನ ಕೊಂಡಿಗಳ ಕುರಿತು ವ್ಯಾಖ್ಯಾನಗಳು ಹುಟ್ಟಿಕೊಂಡವು. ಮೊದಲು ದೋಷವೆನಿಸಿದ್ದ ಜಟಿಲತೆಯೇ ಮರುವೀಕ್ಷಣೆಗೆ ಪ್ರೇರಣೆಯಾಯಿತು.

2017ರ ಡಿಸೆಂಬರ್‌ನಲ್ಲಿ ಗೌತಮ್ ರಾಮಚಂದ್ರನ್ ನಿರ್ದೇಶನದಲ್ಲಿ, ನಿವಿನ್ ಪೌಲಿ ಅಭಿನಯದಲ್ಲಿ ರಿಚಿ ಎಂಬ ತಮಿಳು ರೂಪಾಂತರ ಬಿಡುಗಡೆಯಾಯಿತು. ಮಲಯಾಳಂ ನಿರ್ದೇಶಕ ರೂಪೇಶ್ ಪೀತಾಂಬರನ್ ಕನ್ನಡದ ಮೂಲಚಿತ್ರವನ್ನು ಮೆಚ್ಚಿ ಸಾಮಾಜಿಕ ಜಾಲತಾಣದಲ್ಲಿ ಬರೆದದ್ದು ಆಗ ವಿವಾದಕ್ಕೆ ಕಾರಣವಾಯಿತು. ಈ ಪ್ರಸಂಗವು ಕನ್ನಡೇತರ ಪ್ರೇಕ್ಷಕರಲ್ಲಿ ಮೂಲಚಿತ್ರದ ಬಗೆಗಿನ ಕುತೂಹಲವನ್ನು ಹೆಚ್ಚಿಸಿತು. 2021ರಲ್ಲಿ ಹೊಂಬಾಳೆ ಫಿಲಂಸ್ ಸಂಸ್ಥೆಯು ರಿಚ್ಚಿಯ ಪಾತ್ರವನ್ನೇ ಕೇಂದ್ರವಾಗಿಟ್ಟುಕೊಂಡ ರಿಚರ್ಡ್ ಆಂಟನಿ ಎಂಬ ಚಿತ್ರವನ್ನು ಘೋಷಿಸಿತು.

ಕಥಾಗುಚ್ಛ ಚಿತ್ರಗಳ ಹಿನ್ನೆಲೆಯಲ್ಲಿ

ಅಧ್ಯಾಯಗಳಲ್ಲಿ ವಿಭಜಿತವಾಗಿದ್ದರೂ ಉಳಿದವರು ಕಂಡಂತೆ ಕಟ್ಟುನಿಟ್ಟಾದ ಅರ್ಥದಲ್ಲಿ ಕಥಾಗುಚ್ಛವಲ್ಲ. ಅದರ ಎಲ್ಲ ಭಾಗಗಳೂ ಒಂದೇ ಘಟನೆಗೆ ಸೇರುತ್ತವೆ. ಕನ್ನಡದಲ್ಲಿ ಸ್ವತಂತ್ರ ಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸಿದ ಪ್ರಸಿದ್ಧ ಉದಾಹರಣೆ ಪುಟ್ಟಣ್ಣ ಕಣಗಾಲ್ ಅವರ ಕಥಾ ಸಂಗಮ (1976). ‘ಹಂಗು’, ‘ಅತಿಥಿ’ ಮತ್ತು ‘ಮುನಿತಾಯಿ’ ಎಂಬ ಮೂರು ಕಥೆಗಳು ಅದರಲ್ಲಿದ್ದವು. 2019ರಲ್ಲಿ ರಿಷಬ್ ಶೆಟ್ಟಿ ಅದೇ ಹೆಸರಿನಲ್ಲಿ ಏಳು ಕಥೆಗಳನ್ನು ಏಳು ನಿರ್ದೇಶಕರಿಂದ ಮಾಡಿಸಿ ತೆರೆಗೆ ತಂದರು. ಹಾಲಿವುಡ್‌ನಲ್ಲಿ ಕೋಯೆನ್ ಸಹೋದರರ ದಿ ಬ್ಯಾಲಡ್ ಆಫ್ ಬಸ್ಟರ್ ಸ್ಕ್ರಗ್ಸ್ (2018) ಸಾವನ್ನು ವಿನೋದದೊಂದಿಗೆ ಬೆರೆಸಿದ ಆರು ಕಥೆಗಳ ಗುಚ್ಛವಾಗಿದ್ದು, ವೆನಿಸ್ ಚಲನಚಿತ್ರೋತ್ಸವದಲ್ಲಿ ಚಿತ್ರಕಥೆಗಾಗಿ ಪ್ರಶಸ್ತಿ ಪಡೆಯಿತು. ಇಂತಹ ಚಿತ್ರಗಳನ್ನು ನೋಡುವವರು ಭಾಗಗಳನ್ನು ಪರಸ್ಪರ ಹೋಲಿಸಿ ಮೆಚ್ಚಿನದನ್ನು ಆರಿಸಿಕೊಳ್ಳಬಹುದು. ಉಳಿದವರು ಕಂಡಂತೆ ಚಿತ್ರದಲ್ಲಿ ಮಾತ್ರ ಒಂದು ಅಧ್ಯಾಯವನ್ನು ಕೈಬಿಟ್ಟರೆ ಉಳಿದವುಗಳ ಅರ್ಥವೂ ಅಪೂರ್ಣವಾಗುತ್ತದೆ.

ಪ್ರಭಾವ

ಒಂದು ಮೊಟ್ಟೆಯ ಕಥೆ (2017), ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು (2018), ಗರುಡ ಗಮನ ವೃಷಭ ವಾಹನ ಹಾಗೂ ಕಾಂತಾರ (2022) ಚಿತ್ರಗಳು ಕರಾವಳಿಯ ಬದುಕು ಮತ್ತು ಭಾಷೆಯನ್ನು ಕೇಂದ್ರದಲ್ಲಿಟ್ಟುಕೊಂಡು ರಾಜ್ಯದಾದ್ಯಂತ ಪ್ರೇಕ್ಷಕರನ್ನು ಗಳಿಸಿದವು. 2014ರಲ್ಲಿ ತೊಡಕೆನಿಸಿದ್ದ ನುಡಿಗಟ್ಟಿಗೆ ಕೆಲವೇ ವರ್ಷಗಳಲ್ಲಿ ಘಟ್ಟದ ಮೇಲಿನ ಪ್ರೇಕ್ಷಕರೂ ಒಗ್ಗಿಕೊಂಡರು. ಈ ಬದಲಾವಣೆಗೆ ದಾರಿ ಮಾಡಿಕೊಟ್ಟ ಆರಂಭದ ಚಿತ್ರಗಳಲ್ಲಿ ಉಳಿದವರು ಕಂಡಂತೆ ಒಂದೆಂದು ಪರಿಗಣಿತವಾಗಿದೆ.