ಮುರಾನೊ ಗಾಜಿನ ದೀಪಗಳು

ಇಟಲಿಯ ವೆನಿಸ್ ನಗರದ ಪಕ್ಕದ ಮುರಾನೊ ದ್ವೀಪಗಳಲ್ಲಿ ಕುಲುಮೆಯ ಗಾಜನ್ನು ಬಾಯಿಂದ ಊದಿ, ಕೈಯಿಂದ ತಿದ್ದಿ ತಯಾರಿಸುವ ಅಲಂಕಾರಿಕ ದೀಪಗಳು. ಮೇಣದಬತ್ತಿ ಹೋಗಿ ವಿದ್ಯುತ್ ಬಲ್ಬು, ಬಲ್ಬು ಹೋಗಿ ಎಲ್‌ಇಡಿ ಬಂದಂತೆಲ್ಲ ಇಲ್ಲಿ ಗಾಜು ಮಾಡಬೇಕಾದ ಕೆಲಸ ಬದಲಾಗುತ್ತ ಬಂದಿದೆ. ಕುಲುಮೆಯ ಮುಂದಿನ ಕೈಚಳಕ ಮಾತ್ರ ಬಹುಪಾಲು ಹಳೆಯದೇ.

ಬೆಂಕಿ ಅನಾಹುತದ ಭಯದಿಂದ ವೆನಿಸ್ ಗಣರಾಜ್ಯ 1291ರಲ್ಲಿ ನಗರದ ಗಾಜಿನ ಕುಲುಮೆಗಳನ್ನು ಮುರಾನೊಗೆ ಸ್ಥಳಾಂತರಿಸಿತು. 15ನೆಯ ಶತಮಾನದ ನಡುಭಾಗದಲ್ಲಿ ತಿಳಿನೀರಿನಷ್ಟು ಪಾರದರ್ಶಕವಾದ ‘ಕ್ರಿಸ್ಟಾಲೊ’ ಗಾಜು ಸಿದ್ಧಿಸಿತು. ಅದರ ಕೀರ್ತಿ ಆಂಜೆಲೊ ಬರೋವಿಯೆರ್‌ಗೆ ಸಲ್ಲುತ್ತದೆ. ಚೀನಾದ ಪಿಂಗಾಣಿಯನ್ನು ಹೋಲುವ ಹಾಲುಬಿಳುಪಿನ ‘ಲಾತಿಮೊ’ ಗಾಜೂ ಆ ಶತಮಾನದ್ದೇ.

ಮುರಾನೊ ಗಾಜು ಸೋಡಾ ಬೆರೆಸಿ ಮಾಡಿದ್ದು. ಕುಲುಮೆಯಿಂದ ಹೊರತೆಗೆದ ಮೇಲೂ ಅದು ಕೆಲಹೊತ್ತು ಮೆದುವಾಗಿಯೇ ಇದ್ದು, ಎಳೆಯಲು, ತಿರುಚಲು, ಇಕ್ಕಳದಿಂದ ಚಿವುಟಲು ಒದಗುತ್ತದೆ. ಇಂಗ್ಲೆಂಡಿನ ಸೀಸದ ಗಾಜು ಕೆತ್ತನೆಗೆ ಒಗ್ಗುವಂಥದ್ದು. ಅಲ್ಲಿನ ಗೊಂಚಲು ದೀಪಗಳಿಗೆ ಪಟ್ಟಕ ಪಟ್ಟಕವಾಗಿ ಕೊರೆದ ಹರಳುಗಳೇ ಶೋಭೆ. ಮುರಾನೊದಲ್ಲಿ ಹರಳಿನ ಬದಲು ಹೂ, ಎಲೆ, ಬಳ್ಳಿ ಅರಳಿದವು. 18ನೆಯ ಶತಮಾನದಲ್ಲಿ ಜುಸೆಪ್ಪೆ ಬ್ರಿಯಾತಿ ಹೆಸರಾದದ್ದು ಇಂಥ ಬಹುವರ್ಣದ ದೀಪಗಳಿಂದ. ಲೋಹದ ತೋಳುಗಳಿಗೆ ಗಾಜಿನ ಸಣ್ಣ ತುಂಡುಗಳನ್ನು ಬಳೆಗಳಂತೆ ತೊಡಿಸಿ ಒಳಗಿನ ಲೋಹ ಕಾಣದಂತೆ ಮಾಡುವ ಈ ಶೈಲಿಗೆ ವೆನಿಸ್ಸಿನ ಕಾ ರೆಝೋನಿಕೊ ಅರಮನೆಯ ಹೆಸರೇ ಅಂಟಿಕೊಂಡಿದೆ. ಶೈಲಿ ಹುಟ್ಟಿದ್ದು ವಸ್ತುವಿನ ಗುಣದಿಂದ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

1797ರಲ್ಲಿ ಗಣರಾಜ್ಯ ಬಿತ್ತು, ಮುಂದೆ ಕಸುಬುದಾರರ ಸಂಘಗಳೂ ರದ್ದಾಗಿ ಕಸುಬು ಕುಗ್ಗಿತು. ಅದು ಚೇತರಿಸಿಕೊಂಡದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ.

ವಿದ್ಯುತ್ ಬಲ್ಬು ಹೊಸ ತೊಡಕು ತಂದಿತು. ಮೇಣದಬತ್ತಿಯ ಮಂದ ಬೆಳಕನ್ನು ಗಾಜು ಹೆಚ್ಚಿಸಿ ತೋರಿಸಬೇಕಿತ್ತು. ಬಲ್ಬಿನ ಕಣ್ಣುಕುಕ್ಕುವ ತಂತಿಯನ್ನು ಮರೆಮಾಡಬೇಕಾಯಿತು. ಪಿಂಗಾಣಿಯನ್ನು ಅನುಕರಿಸಲು ಹುಟ್ಟಿದ್ದ ಹಾಲುಗಾಜಿಗೆ ಆಗ ನಿಜವಾದ ಉಪಯೋಗ ದೊರೆಯಿತು: ಎರಡು ಪಾರದರ್ಶಕ ಪದರಗಳ ನಡುವೆ ತೆಳುವಾದ ಬಿಳಿ ಪದರವಿಟ್ಟು ಊದಿದ ಬುರುಡೆಯಲ್ಲಿ ಬೆಳಕು ಎಲ್ಲೆಡೆ ಸಮನಾಗಿ ಹರಡುತ್ತದೆ. ಮಿಲಾನಿನ ವಕೀಲ ಪಾವೊಲೊ ವೆನಿನಿ ಮತ್ತು ಪ್ರಾಚೀನ ವಸ್ತುಗಳ ವ್ಯಾಪಾರಿ ಜಾಕೊಮೊ ಕಪ್ಪೆಲ್ಲಿನ್ 1921ರಲ್ಲಿ ಕಟ್ಟಿದ ಸಂಸ್ಥೆ ಹೊರಗಿನ ವಿನ್ಯಾಸಕಾರರನ್ನು ಕುಲುಮೆಯ ಬಳಿಗೆ ಕರೆತಂದಿತು. ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ 1932ರಿಂದ 1947ರವರೆಗೆ ವೆನಿನಿ ಸಂಸ್ಥೆಯ ಕಲಾ ನಿರ್ದೇಶಕ. 1961ರ ಟ್ಯೂರಿನ್ ಪ್ರದರ್ಶನದಲ್ಲಿ ವೆನಿಸ್ ಸೇರಿರುವ ವೆನೆಟೊ ಪ್ರಾಂತ್ಯದ ಮಂಟಪಕ್ಕೆ ಆತ ರೂಪಿಸಿದ ಬಹುಮುಖಿ ಗಾಜುಗಳ ದೀಪ ಹೂಬಳ್ಳಿಯನ್ನು ಸಂಪೂರ್ಣ ಕೈಬಿಟ್ಟು, ಒಂದೇ ಘಟಕದ ಪುನರಾವರ್ತನೆಯಿಂದ ಛಾವಣಿಯನ್ನೇ ಬೆಳಗಿಸಿತು. ವಿಸ್ತೋಸಿ ಸಂಸ್ಥೆಗಾಗಿ 1967ರಲ್ಲಿ ಆಂಜೆಲೊ ಮಾಂಜಾರೊತ್ತಿ ವಿನ್ಯಾಸಗೊಳಿಸಿದ ‘ಜೋಗಾಲಿ’ಯಲ್ಲಿ ಗಾಜಿನ ಕೊಂಡಿಗಳು ನಡುವೆ ಲೋಹವಿಲ್ಲದೆ ಒಂದಕ್ಕೊಂದು ಸಿಕ್ಕಿಕೊಂಡು ನೇತಾಡುತ್ತವೆ. ಬೇಕಾದಷ್ಟು ಉದ್ದಕ್ಕೆ, ಬೇಕಾದ ಆಕಾರಕ್ಕೆ ಜೋಡಿಸಬಹುದು. ಆಧುನಿಕ ಮುರಾನೊ ದೀಪಗಳಲ್ಲಿ ಇದು ಅತ್ಯಂತ ಜಾಣ ಕಲ್ಪನೆ ಎನ್ನಬೇಕು.

ಯುರೋಪಿನಲ್ಲಿ 2009ರಿಂದ ತಂತಿಬಲ್ಬುಗಳನ್ನು ಹಂತಹಂತವಾಗಿ ಹಿಂತೆಗೆದುಕೊಂಡ ಮೇಲೆ ಎಲ್‌ಇಡಿಗೆ ಒಗ್ಗಿಕೊಳ್ಳುವುದು ಅನಿವಾರ್ಯವಾಯಿತು. ತಂತಿಬಲ್ಬು ನುಂಗುವ ವಿದ್ಯುತ್ತಿನ ಬಹುಪಾಲು ಶಾಖವಾಗುತ್ತಿದ್ದುದರಿಂದ ಬುರುಡೆ ದೊಡ್ಡದಿರಬೇಕಿತ್ತು, ಗಾಳಿಯಾಡಲು ಜಾಗ ಬೇಕಿತ್ತು. ಎಲ್‌ಇಡಿಯ ಅಲ್ಪ ಶಾಖ ಹಿಂಬದಿಯ ಲೋಹದ ತಳದಿಂದ ಹೊರಹೋಗುತ್ತದೆ. ದಪ್ಪ ಗಾಜು, ಕಿರಿದಾದ ಕೊಳವೆ, ಮುಚ್ಚಿದ ಗೋಳ ಎಲ್ಲವೂ ಸಾಧ್ಯವಾಯಿತು. ಆದರೆ ಚುಕ್ಕಿಯಷ್ಟು ಚಿಕ್ಕ ಮೂಲದಿಂದ ಬರುವ ಬೆಳಕು ತೀರ ಚೂಪು. ಅದನ್ನು ಮೆದುಗೊಳಿಸಲು ಒಳಗೆ ಗುಳ್ಳೆ ತುಂಬಿದ ಗಾಜು, ಆಮ್ಲದಿಂದ ಮಸುಕಾಗಿಸಿದ ಮೈ, ಮತ್ತೆ ಅದೇ ಹಾಲುಗಾಜು ಬಳಕೆಗೆ ಬಂದವು. ಬಣ್ಣದ ಪ್ರಶ್ನೆ ಇನ್ನೂ ಸೂಕ್ಷ್ಮ. ಚಿನ್ನದ ಕಣಗಳಿಂದ ಕೆಂಪೇರಿದ ಮಾಣಿಕ್ಯವರ್ಣದ ಗಾಜು, ಕಡುಗೆಂಪು ಕಡಿಮೆಯಿರುವ ಅಗ್ಗದ ಎಲ್‌ಇಡಿಯಡಿ ಕಳೆಗುಂದುತ್ತದೆ. ಬಣ್ಣಗಳನ್ನು ನಿಷ್ಠೆಯಿಂದ ತೋರಿಸುವ ಎಲ್‌ಇಡಿ ಇದ್ದರಷ್ಟೇ ಕುಶಲಕರ್ಮಿಯ ಶ್ರಮ ಕಣ್ಣಿಗೆ ಕಾಣುತ್ತದೆ.

ಅನುಕರಣೆಗಳ ಹಾವಳಿ ತಡೆಯಲು ವೆನೆಟೊ ಪ್ರಾಂತ್ಯ 1994ರ ಕಾನೂನಿನಿಂದ ಮುರಾನೊ ಗಾಜಿಗೆ ಅಧಿಕೃತ ಗುರುತನ್ನು ನೀಡಿದೆ. ಇನ್ನೊಂದು ಸವಾಲು ಇಂಧನದ್ದು. ಎಲ್‌ಇಡಿ ದೀಪಗಳು ವಿದ್ಯುತ್ ಉಳಿಸಿದರೂ ಅವುಗಳನ್ನು ಹೆರುವ ಕುಲುಮೆಗಳು ಹಗಲಿರುಳು ಅನಿಲದಿಂದ ಉರಿಯುತ್ತವೆ. 2021–22ರಲ್ಲಿ ಅನಿಲದ ಬೆಲೆ ಗಗನಕ್ಕೇರಿದಾಗ ಹಲವು ಕುಲುಮೆಗಳನ್ನು ತಾತ್ಕಾಲಿಕವಾಗಿ ಆರಿಸಬೇಕಾಯಿತು.