ವಿಶಾಖಪಟ್ಟಣದ ಮನೆಗಳಿಗೆ ಶಾರ್ಟ್‌ವೇವ್ ಯಾಕೆ ಬೇಕಿತ್ತು

ಹಳೆಯ ಕಾಲದ ಮಾದರಿಯ ಮೇಜಿನ ರೇಡಿಯೋಗಳು ಈಗ ಮತ್ತೆ ಅಂಗಡಿಗಳಿಗೆ ಬಂದಿವೆ. ಮರದ ಬಣ್ಣದ ಪೆಟ್ಟಿಗೆ, ಮುಂಭಾಗಕ್ಕೆ ಒರಟು ಬಟ್ಟೆ, ಹಿತ್ತಾಳೆ ಬಣ್ಣದ ಎರಡು ಗುಂಡಿ, ಹಿಂದಿನಿಂದ ಹಳದಿ ಬೆಳಕು ಬೀಳುವ ಡಯಲ್. ಬ್ಲೂಟೂತ್ ಇದೆ, ಪೆನ್‌ಡ್ರೈವ್ ಚುಚ್ಚಲು ಕಿಂಡಿಯೂ ಇದೆ. ಅವುಗಳಲ್ಲಿ ಕೆಲವಕ್ಕೆ ಎಫ್‌ಎಂ, ಎಎಂ ಜೊತೆಗೆ ಎಸ್‌ಡಬ್ಲ್ಯು ಎಂಬ ಮೂರನೇ ಗುರುತೂ ಇರುತ್ತದೆ. ಕೊಂಡವರಲ್ಲಿ ಬಹಳ ಜನ ಆ ಕಡೆ ಸ್ವಿಚ್ಚು ಸರಿಸುವುದು ಒಂದೇ ಸಲ. ಕೊರೆಯುವ ಸದ್ದೊಂದನ್ನು ಕೇಳಿ ಎಫ್‌ಎಂಗೆ ಮರಳುತ್ತಾರೆ.

ಶಾರ್ಟ್‌ವೇವ್ ಎಂದರೆ ದೂರದೇಶದ ದನಿ, ಲಂಡನ್, ಮಾಸ್ಕೋ, ಟೋಕಿಯೋ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಅದು ಅರ್ಧ ಸತ್ಯ ಮಾತ್ರ. ಆಂಧ್ರದ ಕರಾವಳಿಯಲ್ಲಿ, ಅದರಲ್ಲೂ ವಿಶಾಖಪಟ್ಟಣದಲ್ಲಿ, ಮನೆಯವರು ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಶಾರ್ಟ್‌ವೇವ್ ಹುಡುಕುತ್ತಿದ್ದುದು ಪರದೇಶಕ್ಕಾಗಿ ಅಲ್ಲ, ಮದ್ರಾಸಿಗಾಗಿ. ತಮ್ಮದೇ ಭಾಷೆ ಕೇಳುವುದಕ್ಕಾಗಿ.

ಮದ್ರಾಸಿನ ಆಲ್ ಇಂಡಿಯಾ ರೇಡಿಯೋ ಕೇಂದ್ರ ಶುರುವಾದದ್ದು 1938ರ ಜೂನ್ 16ರಂದು. ಆಗ ಕನ್ನಡದ ಮಂಗಳೂರು, ಬಳ್ಳಾರಿ ಹೇಗೋ ಹಾಗೆಯೇ ವಿಶಾಖಪಟ್ಟಣವೂ ಬೆಜವಾಡವೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ತಮಿಳಿನ ಜೊತೆ ತೆಲುಗು ಕಾರ್ಯಕ್ರಮಗಳೂ ಅಲ್ಲಿಂದಲೇ ಬರಬೇಕಿತ್ತು. ಆದರೆ ಆ ಕೇಂದ್ರದ ಮೀಡಿಯಂ ವೇವ್ ಪ್ರೇಷಕ ಕಾಲು ಕಿಲೋವ್ಯಾಟ್‌ನದು, ಮದ್ರಾಸು ನಗರಕ್ಕೆ ಸಾಲುವಷ್ಟು. ಪ್ರಾಂತ್ಯದ ಉಳಿದ ಊರುಗಳಿಗೆಂದು ಇಟ್ಟದ್ದು 10 ಕಿಲೋವ್ಯಾಟ್‌ನ ಶಾರ್ಟ್‌ವೇವ್ ಪ್ರೇಷಕ. ದೆಹಲಿ, ಮುಂಬಯಿ, ಕಲ್ಕತ್ತಗಳಲ್ಲೂ ಇದೇ ಏರ್ಪಾಟು. ಬಿಬಿಸಿಯಿಂದ ಬಂದಿದ್ದ ಎಂಜಿನಿಯರ್ ಗೋಯ್ಡರ್ ಹಾಕಿದ ಲೆಕ್ಕ ಸರಳವಾಗಿತ್ತು: ದೇಶ ದೊಡ್ಡದು, ಕೊಟ್ಟ ಹಣ ಸಣ್ಣದು. ಊರೂರಿಗೆ ಮೀಡಿಯಂ ವೇವ್ ಕಂಬ ನೆಡಲಾಗದಿದ್ದರೆ ಆಕಾಶವನ್ನೇ ಬಳಸಿಕೊಳ್ಳಬೇಕು.

ಆಕಾಶವನ್ನು ಬಳಸುವುದು ಎಂದರೆ ಇಷ್ಟು. ಮೀಡಿಯಂ ವೇವ್ ಅಲೆ ಹಗಲಲ್ಲಿ ನೆಲಕ್ಕಂಟಿಕೊಂಡು ಸಾಗುತ್ತದೆ, ದೂರ ಹೋದಷ್ಟೂ ಸೊರಗುತ್ತದೆ. ಶಾರ್ಟ್‌ವೇವ್ ಅಲೆ ಮೇಲಕ್ಕೆ ಹೋಗಿ, ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳಕ್ಕೆ ತಾಗಿ, ಬಾಗಿ, ದೂರದಲ್ಲೆಲ್ಲೋ ಕೆಳಗಿಳಿಯುತ್ತದೆ. ನಡುವೆ ಅದು ಹಾರಿಹೋದ ಊರುಗಳಿಗೆ ಏನೂ ಕೇಳಿಸುವುದಿಲ್ಲ. ಮದ್ರಾಸಿನಿಂದ ವಿಶಾಖಪಟ್ಟಣ ನೇರ ಗೆರೆಯಲ್ಲಿ ಸುಮಾರು 600 ಕಿಲೋಮೀಟರ್. ನೆಲದ ಅಲೆಗೆ ಇದು ತೀರಾ ದೂರ, ಆಕಾಶದ ಅಲೆಗೆ ಹೆಚ್ಚೇನೂ ದೂರವಲ್ಲ. ಹೀಗಾಗಿ ಹೊತ್ತು ನೋಡಿ ಬ್ಯಾಂಡ್ ಬದಲಿಸಬೇಕು. ಕತ್ತಲಾದ ಮೇಲೆ ಕೆಳಗಿನ ಆವರ್ತನ, ಬಿಸಿಲೇರಿದಾಗ ಮೇಲಿನದು. ಭಾರತದಂಥ ಉಷ್ಣವಲಯದ ದೇಶಗಳು ಒಳನಾಡಿನ ಪ್ರಸಾರಕ್ಕೆ 60 ಮೀಟರ್, 90 ಮೀಟರ್ ಬ್ಯಾಂಡುಗಳನ್ನು ಬಳಸಿದ್ದು ಈ ಕಾರಣಕ್ಕೇ. ಎತ್ತರಕ್ಕೆ ಕಳಿಸಿದ ಅಲೆ ಅಲ್ಲೇ ಹತ್ತಿರದಲ್ಲಿ ಇಳಿಯಲಿ ಎಂದು.

ಇದಕ್ಕೆ ತಕ್ಕ ಪೆಟ್ಟಿಗೆಯೂ ಬೇಕಾಗಿತ್ತು. ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ, ಜಿಇಸಿ, ನ್ಯಾಷನಲ್ ಎಕ್ಕೋ ಎಂಬ ಹೆಸರುಗಳ ಆ ರೇಡಿಯೋಗಳಿಗೆ ಮರದ ಮೈ ಇದ್ದದ್ದು ಚಂದಕ್ಕೆ ಮಾತ್ರವಲ್ಲ. ಒಳಗೆ ಐದೋ ಆರೋ ವಾಲ್ವುಗಳು ಉರಿಯುತ್ತಿದ್ದವು. ಆ ಬಿಸಿಗೆ ಜಾಗ ಬೇಕು, ಬೆನ್ನಿಗೆ ತೂತುಗಳ ಹಲಗೆ ಬೇಕು, ಸ್ಪೀಕರಿನ ದನಿ ತುಂಬಿಕೊಳ್ಳಲು ಹೊಟ್ಟೆ ಬೇಕು. ಸ್ವಿಚ್ಚು ಹಾಕಿ ಅರ್ಧ ನಿಮಿಷ ಕಾದರೆ ಡಯಲಿನ ಬೆಳಕಿನ ಹಿಂದೆಯೇ ದನಿ ನಿಧಾನವಾಗಿ ಏಳುತ್ತಿತ್ತು. ದುಬಾರಿ ಸೆಟ್ಟುಗಳಲ್ಲಿ ಹಸಿರು ಮ್ಯಾಜಿಕ್ ಕಣ್ಣು. ಕೇಂದ್ರ ಸರಿಯಾಗಿ ಕೂತಾಗ ಅದರ ನೆರಳು ಕಿರಿದಾಗುತ್ತಿತ್ತು. ತಾರಸಿಯ ಮೇಲೆ ಎರಡು ಗೂಟಗಳ ನಡುವೆ ತಾಮ್ರದ ಜಾಲರಿ ಪಟ್ಟಿಯ ಏರಿಯಲ್, ಅಲ್ಲಿಂದ ಕಿಟಕಿಯೊಳಗೆ ಇಳಿದ ತಂತಿ. ಸಮುದ್ರದ ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟಿದಾಗ ಅದನ್ನು ಉಜ್ಜಿ ಮತ್ತೆ ಕಟ್ಟುವ ಕೆಲಸ ಮನೆಯ ಹುಡುಗರದು.

ಅಂಚೆ ಕಚೇರಿಯಿಂದ ಪರವಾನಗಿ ಪುಸ್ತಕವನ್ನೂ ಪಡೆಯಬೇಕಿತ್ತು. ಮನೆಯ ರೇಡಿಯೋಗೆ ವರ್ಷಕ್ಕೆ 15 ರೂಪಾಯಿ ಕಟ್ಟಿ ಮುದ್ರೆ ಹಾಕಿಸಿಕೊಳ್ಳಬೇಕು. ಈ ಪದ್ಧತಿ ಪೂರ್ತಿ ಹೋದದ್ದು 1980ರ ದಶಕದಲ್ಲಿ. ರೇಡಿಯೋ ಇಟ್ಟುಕೊಳ್ಳುವುದು ಬಂದೂಕು ಇಟ್ಟುಕೊಂಡಷ್ಟಲ್ಲದಿದ್ದರೂ, ಸರ್ಕಾರದ ಲೆಕ್ಕಕ್ಕೆ ಸಿಗುವ ಸಂಗತಿಯಾಗಿತ್ತು.

ಯುದ್ಧ ಬಂದಾಗ ಈ ಲೆಕ್ಕ ಬಿಗಿಯಾಯಿತು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣದ ಬಂದರಿನ ಮೇಲೂ ಕಾಕಿನಾಡದ ಮೇಲೂ ಬಾಂಬು ಹಾಕಿದವು. ಊರು ಬಿಟ್ಟು ಜನ ಒಳನಾಡಿಗೆ ಓಡಿದರು. ಮದ್ರಾಸು ಎಷ್ಟು ಹೇಳುತ್ತದೆ, ಎಷ್ಟು ಮುಚ್ಚಿಡುತ್ತದೆ ಎಂದು ತಿಳಿಯಲು ಡಯಲಿನ ಮುಳ್ಳನ್ನು ಇನ್ನಷ್ಟು ಸರಿಸಬೇಕಿತ್ತು. ಅಲ್ಲಿ ಬರ್ಲಿನ್ ಇತ್ತು. ಸುಭಾಷ್ ಚಂದ್ರ ಬೋಸರ ದನಿ ಅದೇ ವರ್ಷ ಫೆಬ್ರವರಿಯಲ್ಲಿ ಅಲ್ಲಿಂದ ಕೇಳಿತ್ತು. ಟೋಕಿಯೋ ಇತ್ತು, ಬಿಬಿಸಿ ಇತ್ತು. ಮದ್ರಾಸಿಗಾಗಿ ಕೊಂಡ ಯಂತ್ರವೇ ಮದ್ರಾಸು ಹೇಳದ್ದನ್ನೂ ಹೇಳತೊಡಗಿತು. ಹತ್ತಿರದ ಕೇಳುಗರಿಗೆಂದು ಸರ್ಕಾರ ತೆರೆದ ಬಾಗಿಲಲ್ಲಿ ದೂರದವರೂ ಒಳಗೆ ಬರುವುದನ್ನು ತಡೆಯುವುದು ಕಷ್ಟ.

1947ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಉಳಿದದ್ದು ಆರು ಕೇಂದ್ರಗಳು: ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸ್, ಲಕ್ನೋ, ತಿರುಚಿರಾಪಳ್ಳಿ. ಕನ್ನಡಕ್ಕೆ ಮೈಸೂರಿನ ಆಕಾಶವಾಣಿ ಇತ್ತು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ್ದು ಅದು. ತೆಲುಗಿಗೆ ನಿಜಾಮರ ಹೈದರಾಬಾದಿನಲ್ಲಿ ಡೆಕ್ಕನ್ ರೇಡಿಯೋ ಇದ್ದರೂ ಕರಾವಳಿಯಲ್ಲಿ ಏನೂ ಇರಲಿಲ್ಲ. ವಿಜಯವಾಡ ಕೇಂದ್ರ 1948ರ ಡಿಸೆಂಬರ್ 1ರಂದು ಆರಂಭವಾಯಿತು. ಆಂಧ್ರ ರಾಜ್ಯ ಹುಟ್ಟುವುದಕ್ಕೆ ಇನ್ನೂ ಐದು ವರ್ಷ ಬಾಕಿ. ತೆಲುಗು ನಾಡಿಗೆ ರಾಜಧಾನಿ ಸಿಗುವ ಮೊದಲೇ ದನಿಯ ಮನೆಯೊಂದು ಕೃಷ್ಣಾ ನದಿಯ ದಡದಲ್ಲಿ ಸಿಕ್ಕಿತು. ಮೈಸೂರಿನಲ್ಲಿ ಹುಟ್ಟಿದ 'ಆಕಾಶವಾಣಿ' ಎಂಬ ಹೆಸರು 1950ರ ದಶಕದಲ್ಲಿ ಇಡೀ ದೇಶದ ರೇಡಿಯೋದ ಹೆಸರಾದಾಗ ತೆಲುಗರಿಗೆ ಅದು ಸಲೀಸಾಗಿ ಒಗ್ಗಿತು. ತಮಿಳರು 'ವಾನೊಲಿ'ಯನ್ನು ಬಿಟ್ಟುಕೊಡಲಿಲ್ಲ.

ವಿಶಾಖಪಟ್ಟಣಕ್ಕೆ ಇದರಿಂದ ಸಿಕ್ಕಿದ್ದು ಪಾಲು ಮಾತ್ರ. ವಿಜಯವಾಡದಿಂದ ಅಲ್ಲಿಗೆ ನೇರ ಗೆರೆಯಲ್ಲೇ 300 ಕಿಲೋಮೀಟರ್. ಅದರ ಸ್ವಂತ ಕೇಂದ್ರ ಬಂದದ್ದು 1963ರ ಆಗಸ್ಟ್ 4ರಂದು. ಮದ್ರಾಸು ಮಾತಾಡತೊಡಗಿ 25 ವರ್ಷ, ವಿಜಯವಾಡ ಮಾತಾಡತೊಡಗಿ ಸುಮಾರು 15 ವರ್ಷ ಕಳೆದಿತ್ತು. ಬಂದರು, ಹಡಗುಕಟ್ಟೆ, ನೌಕಾನೆಲೆ ಎಲ್ಲ ಇದ್ದ ಊರು ತನ್ನ ಹವಾಮಾನವನ್ನು ಕೂಡ ಬೇರೆ ಊರಿನ ಬಾಯಲ್ಲಿ ಕೇಳಬೇಕಿತ್ತು.

ಈ ಹದಿನೈದು ವರ್ಷಗಳಲ್ಲೇ ಕೊಲಂಬೋ ನಡುವೆ ಬಂತು. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಎಂದರೆ ಆಗದು. ಆಕಾಶವಾಣಿಯಲ್ಲಿ ಅದು ಬತ್ತಿಹೋಯಿತು. ರೇಡಿಯೋ ಸಿಲೋನ್ ಬಳಿ ಮಹಾಯುದ್ಧದಲ್ಲಿ ಸೈನಿಕರಿಗೆಂದು ಕಟ್ಟಿದ ಪ್ರಬಲ ಶಾರ್ಟ್‌ವೇವ್ ವ್ಯವಸ್ಥೆ ಇತ್ತು. ಅದು ಜಾಹೀರಾತು ಹಿಡಿದು ಹಾಡು ಸುರಿಸಿತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾದದ್ದೂ 1952ರಲ್ಲೇ. ಹಿಂದಿ, ತಮಿಳಿನ ಜೊತೆ ತೆಲುಗು, ಕನ್ನಡ ಚಿತ್ರಗೀತೆಗಳಿಗೂ ಅಲ್ಲಿ ಹೊತ್ತು ಸಿಕ್ಕಿತು. ವಿಶಾಖಪಟ್ಟಣದಿಂದ ಕೊಲಂಬೋ 1,200 ಕಿಲೋಮೀಟರಿಗೂ ಹೆಚ್ಚು ದೂರ. ಶಾರ್ಟ್‌ವೇವ್ ಒಂದೇ ಜಿಗಿತದಲ್ಲಿ ಹಿತವಾಗಿ ಇಳಿಯುವ ದೂರ ಅದು. 25 ಮೀಟರ್, 41 ಮೀಟರ್ ಎಂಬ ಅಂಕಿಗಳು ಓದು ಬಾರದವರ ಬಾಯಲ್ಲೂ ಓಡಾಡಿದವು. ಕೆಲವು ಸಲ ತಮ್ಮದೇ ವಿಜಯವಾಡಕ್ಕಿಂತ ಸಿಲೋನ್ ಸ್ಪಷ್ಟವಾಗಿ ಕೇಳಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಪಕ್ಕದ ದೇಶದ ಈ ಪೈಪೋಟಿಗೆ ದೆಹಲಿ ಕೊಟ್ಟ ಉತ್ತರ ವಿವಿಧ ಭಾರತಿ, 1957ರ ಅಕ್ಟೋಬರ್ 3ರಂದು. ಕೇಸ್ಕರ್ ಇನ್ನೂ ಮಂತ್ರಿಯಾಗಿದ್ದಾಗಲೇ.

ಅಷ್ಟರಲ್ಲಿ ಪೆಟ್ಟಿಗೆಯ ಒಳಗೂ ಬದಲಾಗುತ್ತಿತ್ತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನು, ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸತೊಡಗಿತು. ವಾಲ್ವು ಊರಿಗೆ ಬಂದ ಹೊತ್ತಿಗೇ ಅದನ್ನು ಓಡಿಸುವವನೂ ಅದೇ ಕಾರ್ಖಾನೆಯಿಂದ ಹೊರಟನೆಂದಾಯಿತು. ಟ್ರಾನ್ಸಿಸ್ಟರ್‌ಗೆ ಬಿಸಿಯಿಲ್ಲ, ಕಾಯುವುದಿಲ್ಲ, ನಾಲ್ಕು ಶೆಲ್ ಸಾಕು. ರೇಡಿಯೋ ಮೇಜಿನಿಂದ ಇಳಿದು ದೋಣಿಗೆ, ಹೊಲಕ್ಕೆ, ಚಹಾದಂಗಡಿಗೆ ಹೋಯಿತು.

ವಿಜಯವಾಡ ಕೇಂದ್ರದ ಒಳ್ಳೆಯ ಕಾಲವೂ ಇದೇ. ಮುಂಜಾನೆಯ 'ಭಕ್ತಿರಂಜನಿ'ಯ ಹಿಂದೆ ಬಾಲಾಂತ್ರಪು ರಜನೀಕಾಂತರಾವ್ ಇದ್ದರು. ಮಂಗಳಂಪಲ್ಲಿ ಬಾಲಮುರಳೀಕೃಷ್ಣ, ವೋಲೇಟಿ ವೆಂಕಟೇಶ್ವರ್ಲು ಅವರ ದನಿಗಳು ಅಲ್ಲಿಂದ ಮನೆಮನೆ ಸೇರಿದವು. ಉಷಶ್ರೀ ಎಂಬ ಹೆಸರಿನಿಂದ ಪ್ರಸಿದ್ಧರಾದ ಪುರಾಣಪಂಡ ಸೂರ್ಯಪ್ರಕಾಶ ದೀಕ್ಷಿತುಲು ರಾಮಾಯಣ, ಮಹಾಭಾರತಗಳನ್ನು ಹೇಳುತ್ತಿದ್ದರೆ ಭಾನುವಾರದ ಮಧ್ಯಾಹ್ನ ರೇಡಿಯೋ ಸುತ್ತ ಜನ ಸೇರುತ್ತಿದ್ದರು. ನಮ್ಮಲ್ಲಿ ಗಮಕ ಕೇಳಲು ಕೂರುತ್ತಿದ್ದ ಹಾಗೆ. ಇದೆಲ್ಲ ಮೀಡಿಯಂ ವೇವ್ ಮೇಲೆ. ಹತ್ತಿರದ ದನಿ ಕೊನೆಗೂ ಹತ್ತಿರದ ದಾರಿಯಲ್ಲೇ ಬರತೊಡಗಿತ್ತು. ಆಗಲೇ ಶಾರ್ಟ್‌ವೇವ್ ನಿಜಕ್ಕೂ ದೂರದೇಶದ ಬ್ಯಾಂಡ್ ಆದದ್ದು. 1975ರ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಬಿದ್ದಾಗ ಸಂಜೆ ಬಿಬಿಸಿ ಹುಡುಕಿದವರು, 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಸಾವಿನ ಸುದ್ದಿಯನ್ನು ಆಕಾಶವಾಣಿ ಸಂಜೆ ಹೇಳುವ ಎಷ್ಟೋ ಮೊದಲೇ ಬಿಬಿಸಿಯಲ್ಲಿ ಕೇಳಿದವರು, ದೇಶದ ಬೇರೆಡೆಗಳಂತೆ ಈ ಎರಡು ಊರುಗಳಲ್ಲೂ ಇದ್ದರು.

ಕರಾವಳಿಯಲ್ಲಿ ರೇಡಿಯೋಗೆ ಇನ್ನೊಂದು ಕೆಲಸವಿತ್ತು, ಅದು ಹಾಡಿನದ್ದಲ್ಲ. 1977ರ ನವೆಂಬರ್ 19ರಂದು ಕೃಷ್ಣಾ ನದಿಯ ಮುಖಜ ಭೂಮಿಯ ದಿವಿಸೀಮೆಗೆ ಚಂಡಮಾರುತ ಅಪ್ಪಳಿಸಿ ಸಮುದ್ರ ಗೋಡೆಯಂತೆ ಎದ್ದು ಊರುಗಳ ಮೇಲೆ ಬಿತ್ತು. ಸುಮಾರು ಹತ್ತು ಸಾವಿರ ಜನ ಸತ್ತರು. ವಿಶಾಖಪಟ್ಟಣದ ಚಂಡಮಾರುತ ಎಚ್ಚರಿಕೆ ಕೇಂದ್ರದ ಸೂಚನೆ ಮೀನುಗಾರರ ಗುಡಿಸಲನ್ನು ಮುಟ್ಟಲು ಆ ಕಾಲದಲ್ಲಿ ರೇಡಿಯೋಗಿಂತ ವೇಗದ ದಾರಿ ಬೇರೆ ಇರಲಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ವಿಶಾಖಪಟ್ಟಣದ ಮೇಲೆಯೇ ಹಾದುಹೋದಾಗ ಕಾಲ ಬೇರೆ. ಎಲ್ಲರ ಜೇಬಿನಲ್ಲೂ ಫೋನು. ವಿದ್ಯುತ್ ಹೋಯಿತು, ಮೊಬೈಲ್ ಜಾಲ ಕುಸಿಯಿತು, ದೊಡ್ಡ ನಗರವೊಂದು ಮಾತು ಕಳೆದುಕೊಂಡಿತು. ಸಂಪರ್ಕ ಕಲ್ಪಿಸಲು ಹ್ಯಾಮ್ ರೇಡಿಯೋದವರು ಬಂದರು. ಅವರೂ ಹಳೆಯ ಅಯಾನುಗೋಳವನ್ನೇ ನಂಬಿದವರು. ಹತ್ತು ವರ್ಷಗಳ ನಂತರ, 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ, ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ನೀರಿನಲ್ಲಿ ಮುಳುಗಿದಾಗ ಚಾರ್ಜ್ ಮುಗಿದ ಫೋನುಗಳ ಕಥೆ ಮತ್ತೆ ನಡೆಯಿತು.

ಹೊಸ 'ಹಳೆಯ' ರೇಡಿಯೋವನ್ನು ಅಳೆಯಬೇಕಾದದ್ದು ಇಲ್ಲಿಂದ. 2017ರಲ್ಲಿ ಬಂದ ಸರೆಗಮದ ಕಾರವಾನ್ ಈ ಹಳೆಯ ರೂಪದ ಗೀಳನ್ನು ಮನೆಮನೆಗೆ ತಂದಿತು. ಅದರೊಳಗೆ ತುಂಬಿಟ್ಟ 5,000 ಹಾಡುಗಳಿದ್ದವು, ಶಾರ್ಟ್‌ವೇವ್ ಇರಲಿಲ್ಲ. ಅದು ರೇಡಿಯೋ ವೇಷದ ಹಾಡಿನ ಪೆಟ್ಟಿಗೆ, ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಮೂರು ಬ್ಯಾಂಡಿನ ಮೇಜಿನ ರೇಡಿಯೋಗಳದು ಬೇರೆ ಸಂಗತಿ. ಮರದ ಹೊಟ್ಟೆಯೊಳಗೆ ಉಗುರಿನಷ್ಟು ಚಿಪ್ಪೊಂದು ಇರುತ್ತದೆ, ಉಳಿದದ್ದು ಸ್ಪೀಕರ್ ಮತ್ತು ಗಾಳಿ. ಹಲವು ಸೆಟ್ಟುಗಳಲ್ಲಿ ಶಾರ್ಟ್‌ವೇವ್ 60 ಮೀಟರ್ ಬ್ಯಾಂಡಿನವರೆಗೆ ಇಳಿಯುವುದೇ ಇಲ್ಲ. ಇಳಿದರೂ ಅಲ್ಲಿ ಈಗ ಭಾರತದ ಕೇಂದ್ರಗಳು ಬಹುತೇಕ ಮೌನ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ನಿಂತಿತು. ರೇಡಿಯೋ ಆಸ್ಟ್ರೇಲಿಯಾ 2017ರಲ್ಲಿ, ನೆದರ್ಲ್ಯಾಂಡ್ಸ್ 2012ರಲ್ಲಿ ಹೋಗಿದ್ದವು. ಸಂಜೆ ಗಟ್ಟಿಯಾಗಿ ಸಿಗುವುದು ಚೀನಾ.

ಇನ್ನು ಆ ಕೊರೆಯುವ ಸದ್ದು. ಅದು ಆಕಾಶದ್ದಲ್ಲ, ಮನೆಯದೇ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಇನ್ವರ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಎಲ್ಲವೂ ಸಣ್ಣ ಸಣ್ಣ ಪ್ರೇಷಕಗಳೇ. ಕರೆಂಟು ಹೋದಾಗ, ಕಿಟಕಿಯಿಂದ ಹತ್ತು ಮೀಟರ್ ತಂತಿ ಹೊರಗೆಳೆದು ರೇಡಿಯೋದ ಕಡ್ಡಿಗೆ ಸಿಕ್ಕಿಸಿದಾಗ, ಅದೇ ಅಗ್ಗದ ಚಿಪ್ಪು ಬೇರೆಯೇ ಯಂತ್ರದಂತೆ ನಡೆದುಕೊಳ್ಳುತ್ತದೆ. ಆದ್ದರಿಂದ ಕೊಳ್ಳುವವರು ಬಟ್ಟೆಯ ಬಣ್ಣಕ್ಕಿಂತ ಬೆನ್ನಿನ ಮುಚ್ಚಳ ನೋಡುವುದು ವಾಸಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಶೆಲ್ ಹಾಕಲು ಜಾಗವಿದೆಯೇ, ಅಥವಾ ಗೋಡೆಯ ಪ್ಲಗ್ಗನ್ನೇ ನಂಬಿದೆಯೇ. ಪ್ಲಗ್ಗನ್ನೇ ನಂಬಿದ ಮರದ ಪೆಟ್ಟಿಗೆ ಚಂಡಮಾರುತದ ರಾತ್ರಿಯಲ್ಲಿ 1948ರ ಮರ್ಫಿಯಷ್ಟೇ ನಿರುಪಯೋಗಿ.

ಹೊಸ ಡಯಲುಗಳ ಮೇಲೆ ಊರಿನ ಹೆಸರುಗಳಿಲ್ಲ, ಅಂಕಿಗಳು ಮಾತ್ರ. ಎಎಂ ಪಟ್ಟಿಯಲ್ಲಿ 8ರ ಗುರುತು ದಾಟಿ ಸ್ವಲ್ಪ ಮುಂದೆ 837 ಕಿಲೋಹರ್ಟ್ಸ್, ವಿಜಯವಾಡದ ಜಾಗ. 9 ದಾಟಿದ ಮೇಲೆ 927, ವಿಶಾಖಪಟ್ಟಣದ್ದು. ಎಡಕ್ಕೆ, 6ರ ಬಳಿ, 612ರಲ್ಲಿ ಬೆಂಗಳೂರಿನ ಸ್ಥಾನ. ಕತ್ತಲಾದ ಮೇಲೆ ಮೀಡಿಯಂ ವೇವ್ ಕೂಡ ಅಯಾನುಗೋಳ ಹತ್ತುವುದರಿಂದ, ವಿಶಾಖಪಟ್ಟಣದಲ್ಲಿ ನೆಲೆಸಿದ ಕನ್ನಡದ ಮನೆಯವರು ಆ ಮುಳ್ಳನ್ನು ಎಡಕ್ಕೆ ಸರಿಸುತ್ತಿದ್ದುದು ರಾತ್ರಿ ಊಟವಾದ ಮೇಲೆ.